ಬಂತು, ಹೋತು

ಲಕ್ಕುಂಡಿ ಮುಟ್ಟುವಷ್ಟರಲ್ಲಿ ಕೇಕಿನ ಮೇಲೆ ಬರೆದ ಹೆಸರಿನ
ಒತ್ತಕ್ಷರಗಳೆಲ್ಲ ಕರಗಿ ಜಾರಿದ್ದವು.
ಐದು ತುಂಬಿದ ನಕ್ಷತ್ರಾ
ಡಬ್ಬಿ ತೆಗೆದಾಗ ಬರೇ ನಕತಾ.
ಆಕೆಯ ಅವ್ವ ರೊಕ್ಕದಲ್ಲಿ ನೂರು ಮುರಿದುಕೊಂಡಳು,
ನಾನು ಏನೂ ಅನ್ನಲಿಲ್ಲ.

ನನ್ನ ಕಾರಿನ ಏಸಿಯ ಗುಣವೇ ಹಾಗೆ:
ಬೆಟಗೇರಿ ಬಿಡುವಾಗ ಮೊಣಕಾಲು ನಡುಗಿಸುತ್ತದೆ,
ಮುಳಗುಂದ ನಾಕಾದ ಗದ್ದಲದಲ್ಲಿ ಒಮ್ಮೆಲೇ ಉಸಿರು ಬಿಸಿ.
ಊರು ದಾಟಿ ಎರಡು ಹೊಲ ಕಳೆದರೆ
ಏನೂ ಆಗಿಲ್ಲವೆಂಬಂತೆ ಮತ್ತೆ ತಂಪು.
ದಾವಲಸಾಬ "ಗ್ಯಾಸ್ರೀ" ಅಂದ, ತುಂಬಿಸಿದ. ಎರಡು ಸಲ.
ಅವನ ಗ್ಯಾರೇಜಿನ ನೆರಳಲ್ಲಿ ಮಾತ್ರ ಅದು
ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಜ್ವರ ಇಳಿದ ಹುಡುಗನ ಹಾಗೆ
ಶಾಣ್ಯಾ ಆಗಿ ನಿಲ್ಲುತ್ತಿತ್ತು.

ಎದುರು ಮನೆಯ ಅನಸಕ್ಕ,
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಲೈನು ಟೆಸ್ಟು ಮಾಡಿದಾಕೆ, ಶೇಂಗಾ ಸುಲಿಯುತ್ತ ಅಂದಳು:
"ಗ್ಯಾಸ್ ಸೋರಿದ್ರ ಸೋರಿಕೋತ ಹೋಗತೈತಿ.
ಹೋಗಿ ತಾನ ತಿರುಗಿ ಬರತೈತಿ ಅಂದ್ರ, ಅದು ಗ್ಯಾಸಲ್ಲ.
ಸತ್ತ ಲೈನ್ ಹಿಡಿಯೂದು ಸಸಾರ.
ಆಗಾಗ ಸಾಯೂ ಲೈನಿನ ಮುಂದ
ಕುಂತು ಕಾಯಬೇಕವ್ವ."

ಕಾದೆವು. ರವಿವಾರ, ನಡುಮಧ್ಯಾಹ್ನ,
ಕಾರು ಬೇಕೆಂದೇ ಬಿಸಿಲಿಗೆ.
ಆಕೆ ಒಳಗೆ, ಗಾಳಿಯ ಕಿಂಡಿಗೆ ಅಂಗೈ ಹಿಡಿದು,
ತೊಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರಿನ ಬೆನ್ನು.
ನಾನು ಬಾನೆಟ್ಟಿನ ಮೇಲೆ ಬಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ.

೧.೦೫ ಬಂತು
೧.೨೨ ಹೋತು
೧.೩೧ ಬಂತು

ಆಕೆ ಕೂಗುವಳು, ಬರೆಯುವಳು.
ಎರಡನೆಯ "ಹೋತು"ವಿಗೆ ಓಣಿಯ ಮಂದಿ ಬಾಗಿಲಿಗೆ ಬಂದರು,
ಯಾರು ಹೋದರೋ ಎಂದು.

ಕರೆಂಟು ಹೋಗಿ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು,
ಅದಕ್ಕೇ ಕೇಳಿಸಿತು:
"ಬಂತು" ಅನ್ನುವ ಮೊದಲು ಒಂದು ಟಕ್.
"ಹೋತು" ಅಂದಾಗ ನೋಡಿದರೆ
ಬೆಲ್ಟು ಓಡುತ್ತಿದೆ, ಗಾಲಿ ಸುತ್ತುತ್ತಿದೆ,
ಅದರ ಎದುರಿನ ತಟ್ಟೆಯೊಂದು
ಕರೆದರೂ ಬಾರದ ನೆಂಟನಂತೆ ನಿಂತಲ್ಲೇ ನಿಂತಿದೆ.

ಹಾರ್ನಿನ ರಿಲೇ ಕಿತ್ತು ಏಸಿಗೆ, ಏಸಿಯದು ಹಾರ್ನಿಗೆ.
ಹಾರ್ನು ಕೂಗಿತು. ಕಟ್ಟೆಯ ನಾಯಿ ಬೇಸರದಿಂದ ಎದ್ದು ಹೋಯಿತು.
ರಿಲೇಯ ಮೇಲಿನ ಸಂಶಯ ಅಲ್ಲಿಗೆ ತೀರಿತು.

ಸ್ಕೂಟರಿನ ಹಳೆಯ ಬಲ್ಬಿಗೆ ಎರಡು ತಂತಿ ಸುತ್ತಿ
ಅನಸಕ್ಕ ಕೆಳಗೆ ಕುಕ್ಕರುಗಾಲಲ್ಲಿ ಕೂತಳು.
ತಟ್ಟೆ ನಿಂತಿದ್ದಾಗಲೂ ಬಲ್ಬು ಉರಿಯಿತು.
"ಕರೆಂಟ್ ಬರಾಕತ್ತೈತಿ ನೋಡು. ಹಿಡಿಯಾಕ ಆಗವಲ್ದು ಅದಕ್ಕ."
ನನ್ನ ಉದ್ದ ಕಟ್ಟಿಗೆಯ ಸೌಟು ಇಸಿದುಕೊಂಡು
ತಟ್ಟೆಯನ್ನು ಹೀಗೆ, ಚೂರು, ಮುಂದಕ್ಕೆ ದೂಡಿದಳು.
ಟಕ್.
ಬರೆಯುವವರೇ ಇರಲಿಲ್ಲ, ನಾನೇ ಕೂಗಿದೆ.

ಬಂಡಿ ಆರಿಸಿ, ಕೀಲಿ ಕಿತ್ತು
ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನೌಕರಿಯ ರೂಢಿ.
ಸವೆದ ಸಂದಿಯಲ್ಲಿ ಯಾರದೋ ಲಗ್ನಪತ್ರಿಕೆ
ಮಡಿಚಿದ್ದು ಮಡಿಚಿದ ಹಾಗೆ ಹೋಗಿ ಬಂತು.
ತಣ್ಣಗಿದ್ದಾಗ ಅಯಸ್ಕಾಂತ ಅಷ್ಟು ದೂರದಿಂದಲೂ ಎಳೆಯುತ್ತದೆ,
ಕಾದ ಮೇಲೆ ಅದಕ್ಕೆ ಕಸುವಿಲ್ಲ.
ಒಂದೇ ಬೋಲ್ಟು. ಅದರ ಹಿಂದೆ ಎರಡು ವಾಷರು.
ಒಂದನ್ನು ತೆಗೆದೆವು,
ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದದ್ದನ್ನು.
ಇದಕ್ಕಾಗಿ ಮೂರು ಕೇಕು, ಎರಡು ಸಲ ಗ್ಯಾಸು.

೩.೫೦ ಬಂತು

ಆಮೇಲೆ ಕೂತೇ ಇದ್ದೆವು.
ನಾಲ್ಕೂವರೆಗೆ ಕರೆಂಟು ಬಂದು ಮಗ್ಗಗಳು ಶುರುವಾದವು,
ಟಕ್ ಇನ್ನು ಕೇಳಿಸುವ ಹಾಗಿರಲಿಲ್ಲ.
ಐದಾಯಿತು. ಆಕೆಯ ಬೆರಳ ತುದಿ ಬೆಳ್ಳಗಾಗಿದ್ದವು,
ಕೈ ಮಾತ್ರ ಕಿಂಡಿ ಬಿಡಲಿಲ್ಲ.

"ಸರಿ ಆತಲ್ಲ, ಅಕ್ಕಾ?"
"ಹೋಗಿಲ್ಲ ಇನ್ನೂ. ಅಷ್ಟ ಹೇಳಬಹುದು."
ಪೆನ್ನಿನ ಟೊಪ್ಪಿಗೆ ಹಾಕದೆ ಕ್ಯಾಲೆಂಡರ್ ಸುರುಳಿ ಸುತ್ತಿದಳು.
"ನಾಳೆ ಲಕ್ಕುಂಡಿ ಕಡೆ ಎಷ್ಟಕ್ಕ ಹೊಂಟಿ?
ನಾನೂ ಬರತೇನಿ.
ಇದನ್ನೂ ತರತೇನಿ, ಒಂದು ಶಾಲೂ ತರತೇನಿ."